ಹಿತ್ತಲಿನಲ್ಲಿ ಹಾಕಿದ ಮೊಳ

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದಳಂತೆ.’ ಪುಕ್ಕಟೆ ಸಿಕ್ಕಿದ್ದರಲ್ಲೂ ಕೊರತೆ ಹುಡುಕುವವರನ್ನು ಹಂಗಿಸಲು ಈ ಗಾದೆಯನ್ನು ಬಳಸುತ್ತಾರೆ. ಆ ಹೆಂಗಸಿನ ಕಡೆ ನಿಂತು ಕೇಳಿದರೆ ಅದರ ಅರ್ಥವೇ ಬೇರೆ. ಉಡಲು ಅವಳಿಗಿರುವುದು ಅದೊಂದೇ ಬಟ್ಟೆ. ಒಂದು ಮೊಳ ಕಡಿಮೆ ಬಿದ್ದರೂ ಮೈ ಮುಚ್ಚದು. ಅಳೆಯದೆ ಅವಳಿಗೆ ಗತಿಯಿಲ್ಲ. ಕೊಟ್ಟವರ ಎದುರಿಗೇ ಅಳೆದರೆ ಅವರ ಮನಸ್ಸು ನೊಂದೀತೆಂದು ಹಿತ್ತಲಿಗೆ ಹೋದಳು. ಈ ಗಾದೆ ಕಟ್ಟಿದವರು ಕೊಟ್ಟವರ ಪಡಸಾಲೆಯಲ್ಲಿ ಕೂತವರೇ ಇರಬೇಕು.

ಕೊಡುವವರು ಮಾತ್ರ ಎಂದೂ ಹಿತ್ತಲಿಗೆ ಹೋಗಿ ಅಳೆದವರಲ್ಲ.

1876ರಿಂದ 78ರವರೆಗಿನ ಬರಗಾಲವನ್ನೇ ನೋಡಬಹುದು. ಗೋಕಾಕ, ಹುಕ್ಕೇರಿಗಳನ್ನೊಳಗೊಂಡ ಬೆಳಗಾವಿ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಹಸಿದವರಿಗೆ ಸರ್ಕಾರ ಪರಿಹಾರ ಕಾಮಗಾರಿ ತೆರೆಯಿತು. ಮಣ್ಣು ಅಗೆದವರಿಗೆ, ಕಲ್ಲು ಹೊತ್ತವರಿಗೆ ಕೂಲಿ. ಖರ್ಚು ಹೆಚ್ಚಾಯಿತೆಂದು ಬ್ರಿಟಿಷ್ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಆ ಕೂಲಿಯನ್ನು ಇಳಿಸಿದ. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಕಾಳು ಮತ್ತು ಒಂದು ಆಣೆ. ಹೆಂಗಸರಿಗೆ, ದುಡಿಯುವ ಮಕ್ಕಳಿಗೆ ಅದಕ್ಕಿಂತ ಕಡಿಮೆ. ಬಿಸಿಲಲ್ಲಿ ಕಲ್ಲೊಡೆಯುವ ದೇಹಕ್ಕೆ ಇದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಪ್ರತಿಭಟಿಸಿದ. ಅದಕ್ಕಿಂತ ದೊಡ್ಡ ಪ್ರತಿಭಟನೆ ಕೂಲಿಕಾರರದು. ಮುಂಬೈ ಪ್ರಾಂತ್ಯದಲ್ಲಿ ಸಾವಿರಾರು ಜನ ಹಸಿದ ಹೊಟ್ಟೆಯಲ್ಲೇ ಕೆಲಸ ಬಿಟ್ಟು ಹೊರನಡೆದರು; ಪುಣೆಯ ‘ಸಾರ್ವಜನಿಕ ಸಭಾ’ ಎಂಬ ಸಂಘಟನೆ ಅವರ ಪರವಾಗಿ ಸರ್ಕಾರಕ್ಕೆ ಬರೆಯಿತು. ಕೊಟ್ಟ ದಟ್ಟಿಯನ್ನು ಬಡವರು ಅಂಗಳದಲ್ಲೇ ಹರವಿ ಮೊಳ ಹಾಕಿದ ಗಳಿಗೆ ಅದು. ಅದನ್ನು ಸೊಕ್ಕು ಎಂದವರು ಆಗಲೂ ಇದ್ದರು.

ಆ ಬರದ ಬಳಿಕ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, ಅದರಿಂದ ಕ್ಷಾಮ ಸಂಹಿತೆಗಳು ಹುಟ್ಟಿದವು. ಕೈಕಾಲು ಗಟ್ಟಿ ಇದ್ದವರಿಗೆ ಕೆಲಸ, ಏಳಲಾಗದವರಿಗೆ ಬಿಟ್ಟಿ ಕಾಳು. ಬಡವರಿಗೆ ನೆರವಾಗುವುದು ರಾಜನ ಕರುಣೆಯಿಂದ ಸರ್ಕಾರದ ನಿಯಮದೊಳಕ್ಕೆ ಬಂತು.

ಈ ಸರ್ಕಾರಿ ನೆರವಿಗಿಂತ ಹಳೆಯದು ಮಠಗಳ ದಾಸೋಹ. ಅರಭಾವಿಯ ದುರದುಂಡೀಶ್ವರ ಮಠ, ಮೂಡಲಗಿಯ ಶಿವಬೋಧರಂಗ ಮಠ, ಹುಕ್ಕೇರಿಯ ಹಿರೇಮಠಗಳಿರುವ ಈ ಸೀಮೆಗೆ ಆ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ದಾಸೋಹದ ಪಂಕ್ತಿಯಲ್ಲಿ ಕೂತವನ ಬಡತನಕ್ಕೆ ಪುರಾವೆ ಕೇಳುವುದಿಲ್ಲ, ನೀಡುವವನೇ ಬಾಗಿ ನೀಡುತ್ತಾನೆ. ಆ ಮಟ್ಟಿಗೆ ಅದು ಎಲ್ಲ ಸರ್ಕಾರಿ ಯೋಜನೆಗಳಿಗಿಂತ ದೊಡ್ಡದು. ಆದರೆ ಪಂಕ್ತಿಯಿಂದ ಎದ್ದು ಹೋದ ಮೇಲೆ ನಾಳಿನ ದುಡಿಮೆ, ನೆಲ, ಮಕ್ಕಳ ಶಾಲೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕದ ಓಣಿಗಳಿಗೆ ನುಗ್ಗಿದಾಗ ಮತ್ತೆ ಅಳತೆ ಬಂತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪರಿಹಾರ ಎಂದು ಸರ್ಕಾರ ಘೋಷಿಸಿತು. ಹಾನಿಯನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಮಣ್ಣಿನ ಗೋಡೆ ನೀರು ಕುಡಿದು ನಿಂತಿದ್ದರೆ ಅದು ಬಿದ್ದ ಮನೆಯೋ ನಿಂತ ಮನೆಯೋ? ಅದರೊಳಗೆ ಮಲಗಬೇಕಾದವರಿಗೆ ಉತ್ತರ ಗೊತ್ತಿರುತ್ತದೆ, ತೀರ್ಮಾನ ಮಾತ್ರ ಸಮೀಕ್ಷೆಗೆ ಬಂದವರದು.

ಗಾದೆಯ ಹೆಂಗಸಿಗೆ ತೀರ ಹತ್ತಿರದವರು ಘಟಪ್ರಭಾ ಊರಿನ ಮಾಜಿ ದೇವದಾಸಿಯರು. ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು ಕರ್ನಾಟಕದ 1982ರ ಕಾಯ್ದೆ ನಿಷೇಧಿಸಿತು. ನಿಷೇಧದಿಂದ ಹೊಟ್ಟೆ ತುಂಬಲಿಲ್ಲ. 1990ರ ದಶಕದಲ್ಲಿ ರಾಜ್ಯದ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆ ಇಲ್ಲಿ ಪುನರ್ವಸತಿ ಕೆಲಸ ನಡೆಸಿದವು. ಆಗ ಫಲಾನುಭವಿಗಳೆನಿಸಿಕೊಂಡಿದ್ದ ಮಾಜಿ ದೇವದಾಸಿಯರೇ 1997ರಲ್ಲಿ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ ಕಟ್ಟಿಕೊಂಡರು. ಜನರ ಬಾಯಲ್ಲಿ ಅದು ‘ಮಾಸ್’. ಹೊಸದಾಗಿ ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ತಡೆಯುವುದು, ಉಳಿತಾಯ ಗುಂಪು, ಮಾಸಾಶನಕ್ಕೆ ಒತ್ತಾಯ ಎಲ್ಲವೂ ಅವರದೇ ಕೈಯಲ್ಲಿ ನಡೆದವು. ಕೊಡುವ ಕಚೇರಿಯ ಮುಂದೆ ಗುಂಪಾಗಿ ನಿಂತು, ಇದು ಸಾಲದು ಎಂದು ಹೇಳಿದ ಆ ಹೆಂಗಸರ ಧೈರ್ಯ ಈ ಭಾಗದ ಇತಿಹಾಸದಲ್ಲಿ ಬರೆದಿಡುವಂಥದ್ದು.

ಮಾಸಾಶನ ಬಂದಾಗಲೂ ಅಳತೆ ಬಿಡಲಿಲ್ಲ. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಹೆಸರಿದ್ದವರಷ್ಟೇ ಅರ್ಹರೆನಿಸಿದರು. ಸಮೀಕ್ಷೆಯ ದಿನ ಗುಳೆ ಹೋಗಿದ್ದವರು, ಹೆಸರು ಹೇಳಲು ನಾಚಿದವರು, ಬರೆದುಕೊಳ್ಳುವವರು ಬಾರದ ಕೇರಿಯವರು ಹೊರಗುಳಿದರು. ಈ ತಾಯಂದಿರ ಮಕ್ಕಳು ಶಾಲೆಯ ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ವರ್ಷಗಟ್ಟಲೆ ತಡವರಿಸಿದರು. ಈ ಮಕ್ಕಳು ತಂದೆಯ ಹೆಸರು ಹೇಳಲೇಬೇಕೆಂಬ ಕಟ್ಟಳೆ ಇರಬಾರದೆಂಬ ಬೇಡಿಕೆಯನ್ನು ಒಪ್ಪಿ ರಾಜ್ಯ ವಿಧಾನಮಂಡಲ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟದ್ದು 2025ರಲ್ಲಿ, ಮೊದಲ ಕಾಯ್ದೆ ಬಂದು 43 ವರ್ಷಗಳಾದ ಮೇಲೆ.