ಬೆಕ್ಕಿಗೆ ಉಪವಾಸವುಂಟೆ?

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ನಡೆಯುವ ದಶಲಕ್ಷಣ ಪರ್ವದಲ್ಲಿ ಶ್ರಾವಕರ ಮನೆಗಳಲ್ಲಿ ಒಲೆಯ ಕೆಲಸ ಕಡಿಮೆಯಾಗುತ್ತದೆ. ಒಬ್ಬರಿಗೆ ಏಕಾಶನ, ಮತ್ತೊಬ್ಬರಿಗೆ ಉಪವಾಸ. ಅಂತಹ ಮನೆಯೊಂದರ ಹಿತ್ತಿಲ ಬಾಗಿಲಲ್ಲಿ ಬೆಕ್ಕೊಂದು ಮಲಗಿರುವುದನ್ನು ಊಹಿಸಬಹುದು. ಅದನ್ನು ಯಾರೂ ತಂದು ಸಾಕಿದ್ದಲ್ಲ. ಮಳೆಗಾಲದ ಒಂದು ಸಂಜೆ ಮರಿಯಾಗಿ ತಾನೇ ಬಂದು ಸೇರಿಕೊಂಡದ್ದು. ಅದು ಇಲಿಗಳನ್ನು ಕೊಲ್ಲದಿರಲೆಂದು ಮನೆಯ ಅಜ್ಜಿ ಹೊಟ್ಟೆ ತುಂಬ ಹಾಲು, ಅನ್ನ, ತುಪ್ಪ ಹಾಕುತ್ತ ಬಂದರು. ಕೂಗಿದಾಗಲೆಲ್ಲ ಇನ್ನೊಂದು ತುತ್ತು. ಹೀಗೆ ಐದು ವರ್ಷ ಕಳೆದು, 4.5 ಕಿಲೋ ಇರಬೇಕಾದ ಬೆಕ್ಕು 6 ಕಿಲೋ ತೂಗುತ್ತದೆ. ಕಟ್ಟೆಯನ್ನು ಹಾರಿ ಹತ್ತಲಾರದು. ತನ್ನ ಬೆನ್ನನ್ನು ತಾನೇ ನೆಕ್ಕಿ ಶುಚಿಮಾಡಿಕೊಳ್ಳಲಾರದು. ಪಶುವೈದ್ಯರು ಆಹಾರವನ್ನು ಇಳಿಸಬೇಕು, ಓಡಾಡಿಸಬೇಕು ಎನ್ನುತ್ತಾರೆ.

"ಅಜ್ಜಿ, ನಿನ್ನ ಜೊತೆಗೆ ಇದೂ ಹತ್ತು ದಿನ ಉಪವಾಸ ಮಾಡಲಿ" ಎಂದು ಮೊಮ್ಮಗ ನಗುತ್ತಾನೆ. ಅಜ್ಜಿ ನಗುವುದಿಲ್ಲ. "ಅನ್ನಪಾನನಿರೋಧ ಅತಿಚಾರವಪ್ಪಾ. ಮೂಕಪ್ರಾಣಿಯ ಅನ್ನ ಕಸಿದುಕೊಂಡು ನಾನು ಯಾವ ವ್ರತ ಮಾಡಲಿ?" ಎನ್ನುತ್ತಾರೆ. ಮಾತು ಚಿಕ್ಕದಾದರೂ ಪ್ರಶ್ನೆ ಚಿಕ್ಕದಲ್ಲ. ವ್ರತವೆಂದರೇನು, ಒಬ್ಬರ ಸಂಯಮವನ್ನು ಇನ್ನೊಬ್ಬರ ಮೇಲೆ ಹೊರಿಸಬಹುದೆ, ಕೊಡುವ ಕೈಗೂ ಸಂಯಮ ಬೇಡವೆ ಎಂಬ ಮೂರು ವಿಚಾರಗಳು ಇದರಲ್ಲಿ ಅಡಗಿವೆ.

ಅಜ್ಜಿಯ ಅಳುಕು ನಿರಾಧಾರವಲ್ಲ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಎಣಿಸಿದ್ದಾರೆ. ಪ್ರಾಣಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿ ಮೀರಿ ಭಾರ ಹೇರುವುದು, ಅನ್ನನೀರನ್ನು ತಡೆಯುವುದು ಇವೇ ಆ ಐದು. ಎತ್ತು, ಕುದುರೆ, ಆಳುಕಾಳುಗಳ ಗೃಹಸ್ಥ ಜೀವನವನ್ನು ಕಣ್ಣೆದುರಿಗಿಟ್ಟುಕೊಂಡು ಹೇಳಿದ ಮಾತುಗಳಿವು. ಹಸಿದ ಪ್ರಾಣಿಯ ಮುಂದಿನ ಬಟ್ಟಲನ್ನು ಎತ್ತಿಬಿಡುವವನಿಗೆ ಐದನೆಯದು ನೇರವಾಗಿ ತಗಲುತ್ತದೆ.

ಈ ಸ್ಥಳದಲ್ಲಿ ಇಂದಿನ ಪಶುವೈದ್ಯಶಾಸ್ತ್ರವೂ ಅಜ್ಜಿಯ ಪಕ್ಷವನ್ನೇ ಹಿಡಿಯುತ್ತದೆ. ಬೊಜ್ಜು ಬೆಳೆದ ಬೆಕ್ಕು ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗಿ ಅಲ್ಲಿಯೇ ತುಂಬಿಕೊಳ್ಳುತ್ತದೆ. ಯಕೃತ್ತು ಕೆಲಸ ನಿಲ್ಲಿಸುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಪ್ರಾಣಿ ಸಾಯುತ್ತದೆ. ಮನುಷ್ಯನು ಅಭ್ಯಾಸಬಲದಿಂದ ಮಾಡುವ ಉಪವಾಸ ಬೆಕ್ಕಿನ ದೇಹಕ್ಕೆ ವಿಷಸಮಾನ. ಆದುದರಿಂದ ಮೊಮ್ಮಗನ ಸಲಹೆ ವಿನೋದಕ್ಕೂ ಸಲ್ಲದು.

ಶಂಕೆ: ಪುರಾಣದಲ್ಲಿ ಪಶುಗಳೂ ವ್ರತ ಹಿಡಿದಿವೆಯಲ್ಲ? ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ, ಮಹಾವೀರಸ್ವಾಮಿಯ ಜೀವವು ಹಿಂದಿನ ಭವವೊಂದರಲ್ಲಿ ಸಿಂಹವಾಗಿದ್ದಾಗ ಆಹಾರವನ್ನು ತ್ಯಜಿಸಿ ದೇಹವನ್ನು ಬಿಟ್ಟಿತಷ್ಟೆ?

ಸಮಾಧಾನ: ಹೌದು. ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚ ಜೀವಿಗೆ ದೇಶವ್ರತ ಸಾಧ್ಯವೆಂಬುದು ಸಿದ್ಧಾಂತಸಮ್ಮತ. ಆದರೆ ಆ ಸಿಂಹದ ಎದುರಿನಿಂದ ಚಾರಣಮುನಿಗಳು ಮಾಂಸವನ್ನು ಕಿತ್ತುಕೊಳ್ಳಲಿಲ್ಲ, ಉಪದೇಶ ಮಾಡಿದರು. ಸಿಂಹಕ್ಕೆ ಪೂರ್ವಭವದ ನೆನಪಾಯಿತು, ಪಶ್ಚಾತ್ತಾಪ ಹುಟ್ಟಿತು, ಆಮೇಲೆ ತಾನೇ ಬಿಟ್ಟಿತು. ಅರಿತು ಬಿಟ್ಟರೆ ವ್ರತ. ಬಿಡಿಸಿದರೆ ಅದು ಬಿಡಿಸಿದವನ ಬಲಾತ್ಕಾರ, ಬಿಟ್ಟವನಿಗೆ ಬರಿಯ ಹಸಿವು. ಹಿತ್ತಿಲ ಬೆಕ್ಕಿಗೆ ಉಪವಾಸದ ಪುಣ್ಯವನ್ನು ಯಾರೂ ಕಟ್ಟಿಕೊಡಲಾರರು.

ಹಾಗಾದರೆ ಅಜ್ಜಿ ಮಾಡುತ್ತಿರುವುದೇ ಸರಿಯೆ? ಇಲ್ಲಿ ಅದೇ ಸೂತ್ರದ ನಾಲ್ಕನೆಯ ಮಾತನ್ನು ಗಮನಿಸಬೇಕು. ಅತಿಭಾರಾರೋಪಣವೆಂದರೆ ಎತ್ತಿನ ಬೆನ್ನಿನ ಮೂಟೆ ಮಾತ್ರವೆಂದು ತಿಳಿಯಲು ಕಾರಣವಿಲ್ಲ. 4.5 ಕಿಲೋ ದೇಹಕ್ಕಾಗಿ ಹುಟ್ಟಿದ ಕಾಲುಗಳ ಮೇಲೆ ಒಂದೂವರೆ ಕಿಲೋ ಹೆಚ್ಚು ಹೇರಿದ್ದಾಗಿದೆ. ಹೊರೆ ಬೆನ್ನಿನ ಮೇಲಿರದೆ ಹೊಟ್ಟೆಯೊಳಗಿದೆ, ಇಷ್ಟೇ ವ್ಯತ್ಯಾಸ. ಎತ್ತಿನ ಹೊರೆಯನ್ನು ಸಂಜೆಗೆ ಇಳಿಸುತ್ತಾರೆ. ಈ ಹೊರೆಯನ್ನು ಬೆಕ್ಕು ನಿದ್ರೆಯಲ್ಲಿಯೂ ಹೊರುತ್ತದೆ. ಕೀಲುನೋವು, ಮಧುಮೇಹ, ಮೂತ್ರದ ತೊಂದರೆಗಳು ಇಂತಹ ಬೆಕ್ಕುಗಳಲ್ಲಿ ಹೆಚ್ಚು. ಒಂದು ಅತಿಚಾರಕ್ಕೆ ಅಂಜಿದ ಕೈ ಅದರ ಪಕ್ಕದ ಅತಿಚಾರವನ್ನು ಪ್ರತಿದಿನವೂ ಮಾಡುತ್ತಿದೆ.

ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಮಾದವನ್ನು ಮುಂದಿಟ್ಟರು. ಈ ಒರೆಗಲ್ಲಿಗೆ ತಿಕ್ಕಿದರೆ ಎರಡು ಕೈಗಳ ಭೇದ ತಿಳಿಯುತ್ತದೆ. ಸಿಟ್ಟಿನಿಂದಲೋ ಜಿಪುಣತನದಿಂದಲೋ ತುತ್ತನ್ನು ತಡೆಯುವ ಕೈ ಒಂದು. ಅಳೆದು, ತೂಗಿ, ಹಿತವನ್ನು ನೋಡಿ ಬಡಿಸುವ ಕೈ ಇನ್ನೊಂದು. ಮೊದಲನೆಯದು ನಿರೋಧ, ಎರಡನೆಯದು ಮಿತಿ. ಕೂಗು ನಿಲ್ಲಲೆಂದು ಎಸೆಯುವ ತುತ್ತು ಕರುಣೆಯ ವೇಷದ ಪ್ರಮಾದವೇ ಆಗಬಹುದು. ಬೆಕ್ಕು ಕಾಲಿಗೆ ಮೈ ಒರಸಿದಾಗ ಆಗುವ ಸಂತೋಷ ಕೊಡುವವರದು; ಅದರ ಬೆಲೆಯನ್ನು ತೆರುವುದು ಬೆಕ್ಕು.

ಮಿತಿಯ ಕ್ರಮ ಕಠಿಣವಲ್ಲ, ದೀರ್ಘವಾದುದು. ಮೈ ಸವರಿದಾಗ ಪಕ್ಕೆಲುಬು ಕೈಗೆ ಸಿಗದಿದ್ದರೆ, ಮೇಲಿನಿಂದ ನೋಡಿದಾಗ ನಡು ಕಾಣದಿದ್ದರೆ ಬೊಜ್ಜು ಬೆಳೆದಿದೆಯೆಂದು ತಿಳಿಯಬೇಕು. ವಾರಕ್ಕೆ ದೇಹತೂಕದ ನೂರರಲ್ಲಿ ಒಂದು ಪಾಲಿನಷ್ಟು ಇಳಿದರೆ ಸಾಕು. ಎರಡು ಪಾಲನ್ನು ಮೀರಬಾರದು. 6 ಕಿಲೋ ಬೆಕ್ಕಿಗೆ ಇದು ವಾರಕ್ಕೆ ಸುಮಾರು 60 ಗ್ರಾಂ. ಇಷ್ಟು ಸಣ್ಣ ಅಂತರವನ್ನು ಅಳೆಯಲು ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಬೇಕಾಗುತ್ತದೆ. ಈ ಲೆಕ್ಕದಲ್ಲಿ 4.5 ಕಿಲೋಗೆ ಬರಲು ಸುಮಾರು ಏಳು ತಿಂಗಳು ಬೇಕು. ದಶಲಕ್ಷಣ ಪರ್ವದಲ್ಲಿ ಆರಂಭಿಸಿದರೆ ಚೈತ್ರದ ಮಹಾವೀರ ಜಯಂತಿಯ ಹೊತ್ತಿಗೆ ಮುಗಿಯುತ್ತದೆ.

ಇಳಿಸಬೇಕಾದುದು ತುಪ್ಪ, ಅನ್ನ ಮತ್ತು ಹಾಲು. ಬೆಳೆದ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ. ಪೋಷಕಾಂಶಗಳು ಇಳಿಯಬಾರದು. ದಿನದ ಪಾಲನ್ನು ಬೆಳಿಗ್ಗೆಯೇ ಅಳೆದಿಟ್ಟು ನಾಲ್ಕೈದು ಸಲ ಸ್ವಲ್ಪಸ್ವಲ್ಪವಾಗಿ ಕೊಡಬೇಕು. ಬೆಕ್ಕು ಒಂದು ದಿನ ಪೂರ್ತಿ ಬಾಯಿ ಮುಟ್ಟದಿದ್ದರೆ ತೂಕದ ವಿಚಾರವನ್ನು ಬಿಟ್ಟು ವೈದ್ಯರ ಬಳಿಗೆ ಕೊಂಡೊಯ್ಯಬೇಕು.

ಇನ್ನು ವ್ಯಾಯಾಮ. ಬೆಕ್ಕು ದೂರ ನಡೆಯುವ ಪ್ರಾಣಿಯಲ್ಲ. ನೆಗೆದು, ಓಡಿ, ನಿಲ್ಲುವ ಪ್ರಾಣಿ. ಅದರ ಚಟುವಟಿಕೆಯ ಹೊತ್ತು ಮುಂಜಾವು ಮತ್ತು ಮುಸ್ಸಂಜೆ. ಆಗ ಐದೈದು ನಿಮಿಷದ ಆಟ ದಿನಕ್ಕೆ ಎರಡು ಮೂರು ಸಲ ಸಾಕು. ದಾರಕ್ಕೆ ಬಟ್ಟೆಯ ಚೂರು ಕಟ್ಟಿ ನೆಲದ ಮೇಲೆ ಎಳೆಯಬಹುದು; ಆಟ ಮುಗಿದೊಡನೆ ದಾರವನ್ನು ಎತ್ತಿಡಬೇಕು, ನುಂಗಿದರೆ ಕರುಳಿಗೆ ಅಪಾಯ. ಆಹಾರವನ್ನು ಒಂದೆಡೆ ಇಡದೆ ಮೂರು ನಾಲ್ಕು ಮೂಲೆಗಳಲ್ಲಿಯೂ ಮೆಟ್ಟಿಲ ಮೇಲೆಯೂ ಇಡಬಹುದು. ಬಾಯಿ ತೆರೆದು ಏದುಸಿರು ಬಿಟ್ಟರೆ ನಿಲ್ಲಿಸಬೇಕು. ಓಡಿಸಲೆಂದು ಗದರುವುದು, ಕೋಲು ತೋರಿಸುವುದು ಕೂಡದು. ಒಂದು ಅತಿಚಾರವನ್ನು ತೊಳೆಯಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಗುತ್ತದೆ.

ಶಂಕೆ: ಬೆಕ್ಕಿನ ಆಟವೆಲ್ಲ ಬೇಟೆಯ ಅನುಕರಣೆಯೇ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನು ತಾಯಿಯೊಡನೆ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲಿದನೆಂದು ಜನ್ನಕವಿ ಹಾಡಿದ್ದಾನಲ್ಲ? ಬಟ್ಟೆಯ ಚೂರೂ ಹಿಟ್ಟಿನ ಕೋಳಿಯಲ್ಲವೆ?

ಸಮಾಧಾನ: ಯಶೋಧರನ ಕತ್ತಿಯ ಹಿಂದೆ ಕೊಲ್ಲುವ ಸಂಕಲ್ಪವಿತ್ತು; ವಸ್ತು ಹಿಟ್ಟಾದರೂ ಭಾವ ಹಿಟ್ಟಾಗಿರಲಿಲ್ಲ. ದಾರ ಎಳೆಯುವವರ ಸಂಕಲ್ಪ ಪ್ರಾಣಿಯ ಆರೋಗ್ಯ. ಬೆಕ್ಕಿನ ನೆಗೆತ ಅದರ ಹುಟ್ಟುಗುಣ, ಮನುಷ್ಯ ಕಲಿಸಿದ್ದಲ್ಲ. ಆದರೂ ಶಂಕೆಯಲ್ಲಿ ಒಂದು ಎಚ್ಚರಿಕೆಯಿದೆ. ಇಲಿಯ ರೂಪದ, ಹಕ್ಕಿಯ ರೂಪದ ಬೊಂಬೆಯನ್ನು ಕೊಟ್ಟು "ಹಿಡಿ, ಕೊಲ್ಲು" ಎಂದು ಹುರಿದುಂಬಿಸುವುದು ಶ್ರಾವಕರ ಮನೆಗೆ ಒಪ್ಪದು. ಬೆಕ್ಕಿಗೆ ಅದರಿಂದ ಏನೂ ಆಗದಿದ್ದರೂ ಪಕ್ಕದಲ್ಲಿ ಕೂತು ನೋಡುವ ಮಗುವಿನ ಭಾವ ಕೆಡುತ್ತದೆ. ಬಟ್ಟೆಯ ಉಂಡೆ ಬಟ್ಟೆಯ ಉಂಡೆಯಾಗಿಯೇ ಇರಲಿ.

ಶಂಕೆ: ಇಷ್ಟು ತೊಡಕೇಕೆ? ಬೆಕ್ಕು ಮುಂತಾದ ಹಿಂಸ್ರ ಪ್ರಾಣಿಗಳನ್ನು ಸಾಕುವುದನ್ನೇ ಕಾರ್ತಿಕೇಯಾನುಪ್ರೇಕ್ಷೆ ಅನರ್ಥದಂಡದಲ್ಲಿ ಸೇರಿಸಿದೆಯಲ್ಲ?

ಸಮಾಧಾನ: ಸೇರಿಸಿದೆ, ಮತ್ತು ಅದರ ದೂರದೃಷ್ಟಿ ಇಂದು ಇನ್ನೂ ಸ್ಪಷ್ಟವಾಗುತ್ತಿದೆ. ಬೆಕ್ಕಿನ ದೇಹ ಮಾಂಸಾಹಾರಕ್ಕಾಗಿಯೇ ರಚಿತವಾದುದು. ಟೌರಿನ್ ಎಂಬ ಪದಾರ್ಥದ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದನ್ನು 1975ರಲ್ಲಿಯೂ ಹೃದಯ ಕೆಡುವುದನ್ನು 1987ರಲ್ಲಿಯೂ ವಿಜ್ಞಾನಿಗಳು ಪ್ರಕಟಿಸಿದರು. ಅನ್ನದಲ್ಲಿ ಅದಿಲ್ಲ, ಹಾಲಿನಲ್ಲಿರುವುದು ಅತ್ಯಲ್ಪ. ಕೃತಕವಾಗಿ ತಯಾರಿಸಿದ ಟೌರಿನ್ ದೊರೆಯುತ್ತದೆಯಾದರೂ ಅದೊಂದರಿಂದಲೇ ಎಲ್ಲ ಕೊರತೆ ತುಂಬುವುದಿಲ್ಲ. ಏನನ್ನು ಎಷ್ಟು ಕೊಡಬೇಕೆಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು. ಆದುದರಿಂದ ಹವ್ಯಾಸಕ್ಕಾಗಿ ಬೆಕ್ಕನ್ನು ತರುವ ಶ್ರಾವಕನಿಗೆ ಆ ನಿಷೇಧ ಪೂರ್ಣವಾಗಿ ಅನ್ವಯಿಸುತ್ತದೆ. ಆದರೆ ತಾನಾಗಿ ಬಂದು, ಐದು ವರ್ಷ ಒಂದೇ ಕೈಯನ್ನು ನಂಬಿದ, ಈಗ ಓಡಲೂ ಆಗದ ಜೀವವನ್ನು ಶಾಸ್ತ್ರದ ಹೆಸರಿನಲ್ಲಿ ಬೀದಿಗೆ ಬಿಟ್ಟರೆ ಆ ಶಾಸ್ತ್ರದ ಪ್ರಾಣವಾದ ದಯೆಯೇ ಹೊರಬಿದ್ದಂತೆ.

ಹೊರಗಿನ ಆರು ತಪಗಳಲ್ಲಿ ಅನಶನದ ಮುಂದಿನದು ಅವಮೌದರ್ಯ, ಹಸಿವಿಗಿಂತ ಕಡಿಮೆ ಉಣ್ಣುವುದು. ಈ ತಪಸ್ಸು ಬೆಕ್ಕಿನಿಂದ ಆಗದು, ಅದರಿಂದ ಮಾಡಿಸಲೂ ಆಗದು. ಆದರೆ ಬಡಿಸುವವರಿಗೆ ಇಲ್ಲಿ ನಿಜವಾದ ವ್ರತವೊಂದು ಕಾದಿದೆ. ಆಜೀವ ಪರ್ಯಂತ ಹಿಡಿದರೆ ಯಮ, ಕಾಲಮಿತಿಯಿಂದ ಹಿಡಿದರೆ ನಿಯಮ ಎಂಬ ಭೇದವನ್ನು ಶ್ರಾವಕರು ಬಲ್ಲರು. "ಮಹಾವೀರ ಜಯಂತಿಯವರೆಗೆ ಅಳತೆ ಮೀರಿದ ಒಂದು ತುತ್ತನ್ನೂ ಹಾಕುವುದಿಲ್ಲ, ದಿನಕ್ಕೆರಡು ಸಲ ಅದರೊಡನೆ ಕೂತು ಆಡಿಸುತ್ತೇನೆ" ಎಂಬುದು ಅಜ್ಜಿ ಹಿಡಿಯಬಹುದಾದ ನಿಯಮ. ತನ್ನ ಹಸಿವನ್ನು ಹತ್ತು ದಿನ ಗೆದ್ದವರಿಗೂ ಇದು ಸುಲಭವಲ್ಲ. ಹಸಿವು ಮೈಯದು; ಬೆಕ್ಕಿನ ಕೂಗಿಗೆ ಕರಗುವುದು ಮೋಹ. ಮೊಮ್ಮಗನಿಗೂ ಇದರಲ್ಲಿ ಪಾಲುಂಟು: ವಾರಕ್ಕೊಮ್ಮೆ ಬುಟ್ಟಿಯನ್ನು ತಕ್ಕಡಿಗೆ ಹೊರುವುದು ಅವನ ಕೆಲಸ.

ಏಳು ತಿಂಗಳ ಬಳಿಕ ಒಂದು ಬೆಳಿಗ್ಗೆ ಬೆಕ್ಕು ಕಟ್ಟೆಯ ಮೇಲಕ್ಕೆ ತಾನೇ ನೆಗೆದು ಬಿಸಿಲಿನಲ್ಲಿ ಕೂತು ಬೆನ್ನು ನೆಕ್ಕಿಕೊಂಡರೆ, ಆ ಮನೆಯ ನಿಯಮ ಪೂರ್ಣವಾಯಿತೆಂದು ತಿಳಿಯಬಹುದು.