ವ್ಯಸನವೂ ಒಂಟಿತನವೂ

ಸಂಸ್ಕೃತದ ‘ವ್ಯಸನ’ ಶಬ್ದಕ್ಕೆ ಬಿಡಲಾರದ ಚಟವೆಂಬ ಅರ್ಥವೂ ಉಂಟು, ದುಃಖವೆಂಬ ಅರ್ಥವೂ ಉಂಟು. ಮನುಷ್ಯನನ್ನು ಶ್ರೇಯಸ್ಸಿನಿಂದ ದೂರಕ್ಕೆ ಎಸೆಯುವುದರಿಂದ ಅದಕ್ಕೆ ಆ ಹೆಸರು ಬಂದಿತೆಂದು ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ನಿರ್ವಚನ ಮಾಡಿರುವನು. ಕುಡುಕನನ್ನು ಕಂಡಾಗ ನಾವು, “ಪಾಪ, ಒಂಟಿ ಜೀವ, ಅದಕ್ಕೇ ಕುಡಿಯುತ್ತಾನೆ” ಎನ್ನುವುದುಂಟು. ಈ ಮಾತು ಎಷ್ಟರ ಮಟ್ಟಿಗೆ ನಿಜ? ದುಃಖದಿಂದ ಚಟವೋ, ಚಟದಿಂದ ದುಃಖವೋ?

1945ರಲ್ಲಿ ಅಮೆರಿಕೆಯ ನಿರ್ದೇಶಕ ಬಿಲ್ಲಿ ವೈಲ್ಡರರು ‘ದಿ ಲಾಸ್ಟ್ ವೀಕೆಂಡ್’ ಎಂಬ ಚಲಚ್ಚಿತ್ರವನ್ನು ತೆಗೆದರು. ಚಾರ್ಲ್ಸ್ ಜಾಕ್ಸನ್ನರ 1944ರ ಕಾದಂಬರಿಯೇ ಅದಕ್ಕೆ ಮೂಲ. ಆ ವರ್ಷದ ಶ್ರೇಷ್ಠ ಚಿತ್ರವೆಂದು ಅದಕ್ಕೆ ಆಸ್ಕರ್ ಪಾರಿತೋಷಕವೂ ದೊರೆಯಿತು. ನ್ಯೂಯಾರ್ಕಿನ ಡಾನ್ ಬರ್ನಮ್ ಎಂಬ ಬರಹಗಾರನು ಕೆಲವು ದಿನಗಳನ್ನು ಕುಡಿತಕ್ಕೆ ತೆತ್ತ ಕಥೆಯಿದು.

ವಿಚಾರ ಮಾಡಬೇಕಾದ ಅಂಶವೆಂದರೆ, ಈ ಡಾನನು ಅನಾಥನಲ್ಲ. ಅನ್ನ ವಸತಿಗಳನ್ನಿತ್ತು ಸಾಕುವ ಒಡಹುಟ್ಟಿದವನಿದ್ದಾನೆ. ಕೈಬಿಡದೆ ಪ್ರೀತಿಸುವ ಹೆಲೆನ್ ಎಂಬಾಕೆಯಿದ್ದಾಳೆ. ಹೆಂಡದಂಗಡಿಯ ನ್ಯಾಟನು ಕೂಡ ಅವನಿಗೆ ಬುದ್ಧಿ ಹೇಳುವನು. ಇಷ್ಟು ಜನರ ನಡುವೆಯೂ ಅವನು ಒಂಟಿ. ಏಕೆ? ಅವನು ಬಾಟಲಿಯನ್ನು ದಾರಕ್ಕೆ ಕಟ್ಟಿ ಕಿಟಕಿಯ ಹೊರಗೆ ಇಳಿಬಿಟ್ಟಿರುವನು. ಮನೆ ಗುಡಿಸುವವಳ ಕೂಲಿಗೆಂದು ಸಕ್ಕರೆಯ ಪಾತ್ರೆಯಲ್ಲಿಟ್ಟ ಹತ್ತು ಡಾಲರುಗಳನ್ನು ತಾನೇ ತೆಗೆದುಕೊಂಡು, ಆಕೆಗೆ ಹಣವಿಲ್ಲವೆನ್ನುವನು. ಹೀಗೆ ಬಚ್ಚಿಡುವವನು ಬಾಟಲಿಯೊಡನೆ ತನ್ನನ್ನೂ ಬಚ್ಚಿಡುತ್ತಾನೆ. ಜನರ ಅಭಾವ ಒಂಟಿತನವಲ್ಲ. ಜನರೊಡನೆ ಸತ್ಯದ ಅಭಾವವೇ ಒಂಟಿತನ. ಕುಡಿತದಿಂದ ಸುಳ್ಳು, ಸುಳ್ಳಿನಿಂದ ಒಂಟಿತನ, ಅದನ್ನು ಮರೆಯಲು ಮತ್ತೆ ಕುಡಿತ. ಅಂಗಡಿಯ ಹಲಗೆಯ ಮೇಲೆ ಲೋಟದ ತಳವು ಮೂಡಿಸುವ ಒದ್ದೆಯ ಉಂಗುರಗಳನ್ನು ಚಿತ್ರವು ತೋರಿಸುತ್ತದೆ. ಉಂಗುರಕ್ಕೆ ಆದಿ ಯಾವುದು, ಅಂತ್ಯ ಯಾವುದು?

ತನ್ನ ಕಾಯಕದ ಸಾಧನವಾದ ಬೆರಳಚ್ಚು ಯಂತ್ರವನ್ನೇ ಒತ್ತೆಯಿಡಲು ಅವನು ಬೀದಿ ಬೀದಿ ಅಲೆಯುವನು. ಅಂದು ಯೆಹೂದ್ಯರ ಯೋಮ್ ಕಿಪ್ಪುರ್. ಪ್ರಾಯಶ್ಚಿತ್ತದ ಉಪವಾಸದ ದಿನ. ಗಿರವಿಯ ಅಂಗಡಿಗಳೆಲ್ಲವೂ ಮುಚ್ಚಿವೆ. ಕೊನೆಗೆ ಬೆಲ್‌ವ್ಯೂ ಆಸ್ಪತ್ರೆಯ ಕುಡುಕರ ವಾರ್ಡನ್ನೂ ಅವನು ಕಾಣಬೇಕಾಯಿತು.

ಇಲ್ಲಿ ಒಂದು ಆಕ್ಷೇಪ ಏಳಬಹುದು: ಇದು ರೋಗವಾದರೆ ರೋಗಿಯ ಹೊಣೆಯೇನು? ಕುಡಿತದ ಚಟವನ್ನು ಇಂದಿನ ವೈದ್ಯಶಾಸ್ತ್ರವು ರೋಗವೆಂದೇ ಎಣಿಸುತ್ತದೆ. ಬಹುಕಾಲ ವಿಪರೀತವಾಗಿ ಕುಡಿದವನು ಥಟ್ಟನೆ ನಿಲ್ಲಿಸಿದರೆ ಭ್ರಾಂತಿ, ನಡುಕಗಳು ಬಂದು ಪ್ರಾಣಕ್ಕೂ ಅಪಾಯವುಂಟು. ಆದುದರಿಂದ ವೈದ್ಯನ ನೆರವು ಅವಶ್ಯ. ಆದರೆ ದಾಹವು ಅವನ ಕೈಯಲ್ಲಿಲ್ಲದಿದ್ದರೂ, “ನನಗೆ ದಾಹವಾಗಿದೆ, ಕಾಪಾಡಿ” ಎಂಬ ಮಾತು ಅವನ ನಾಲಗೆಯಲ್ಲಿಯೇ ಇದೆ. ಹೊಣೆಯು ಅಲ್ಲಿಂದ ಆರಂಭವಾಗುತ್ತದೆ. 1935ರಲ್ಲಿ ಅಮೆರಿಕೆಯ ಏಕ್ರನ್ ನಗರದಲ್ಲಿ ಬಿಲ್ ವಿಲ್ಸನ್ ಮತ್ತು ವೈದ್ಯರಾದ ಬಾಬ್ ಸ್ಮಿತ್ ಎಂಬಿಬ್ಬರು ಕುಡಿತದಿಂದ ಬೆಂದವರು ಒಬ್ಬರಿಗೊಬ್ಬರು ಮನಸ್ಸು ಬಿಚ್ಚಿ ಮಾತನಾಡಿದರು. ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಸಂಘವು ಹುಟ್ಟಿದುದು ಆ ಮಾತಿನಿಂದಲೇ.

ಮನೆಯವರಿಗೂ ಇಲ್ಲೊಂದು ಪಾಠವಿದೆ. ಒಡಹುಟ್ಟಿದವನು ವರ್ಷಗಟ್ಟಲೆ ಕಾವಲು ಕಾದನು, ಮಾನಕ್ಕಂಜಿ ಸುಳ್ಳನ್ನೂ ಹೇಳಿದನು. ಕಡೆಗೆ ಬೇಸತ್ತು ಹೊರಟುಹೋದನು. ಕಾವಲು ಸುಳ್ಳನ್ನು ಜಾಣವಾಗಿಸುತ್ತದೆ. ಮುಚ್ಚುವಿಕೆಯು ಅದಕ್ಕೆ ಆಶ್ರಯವಾಗುತ್ತದೆ. ಡಾನನು ಪಿಸ್ತೂಲು ತಂದು ಸಾಯಹೊರಟಾಗ ಹೆಲೆನ್ ತಾನೇ ಮದ್ಯವನ್ನು ಮುಂದೊಡ್ಡಿ, ಸಾಯುವುದಕ್ಕಿಂತ ಕುಡಿದಾದರೂ ಬದುಕೆಂದು ಬೇಡುವಳು. ಅವಳು ಕುಡಿತಕ್ಕೆ ಒಪ್ಪಿದವಳಲ್ಲ. ದೋಷವನ್ನು ಕಣ್ಣಾರೆ ಕಂಡೂ ಮನುಷ್ಯನನ್ನು ತೊರೆಯದವಳು. ಅವಳೆದುರು ಅವನಿಗೆ ಬಚ್ಚಿಡುವಂಥದು ಏನೂ ಉಳಿಯಲಿಲ್ಲ. ಆಗ ಅವನು ಸಿಗರೇಟನ್ನು ಮದ್ಯದ ಲೋಟದೊಳಗೆ ಹಾಕಿ, ತನ್ನ ಕಥೆಯನ್ನು ಬರೆಯುವೆನೆನ್ನುವನು. ಮುಂದೆ ಅವನು ಗೆದ್ದನೋ ಸೋತನೋ ಎಂಬುದನ್ನು ಚಿತ್ರವು ಹೇಳುವುದಿಲ್ಲ. ಗೆಲವು ಪ್ರತಿದಿನವೂ ಹೊಸದಾಗಿ ಗಳಿಸಬೇಕಾದುದಷ್ಟೆ.

ನಮ್ಮ ಮನೆಗಳಲ್ಲಿಯೂ ಇಂಥವರಿದ್ದರೆ, ನೆರೆಯವರು ಏನೆಂದಾರೆಂಬ ಅಂಜಿಕೆಯನ್ನು ಮೊದಲು ಬಿಡೋಣ. ದುಡಿದವರ ಕೂಲಿಯನ್ನು ಅವರ ಕೈಗೆ ಸಿಗದಂತೆ ಕಾಪಾಡೋಣ, ವೈದ್ಯರಲ್ಲಿಗೆ ಕರೆದೊಯ್ಯೋಣ. ನಿಜವನ್ನು ನುಡಿದ ದಿನ ಅವರನ್ನು ಬೈಯದೆ ಬಳಿಯಲ್ಲಿ ಕೂಡಿಸಿಕೊಳ್ಳೋಣ.