ಧುಮುಕದಿರುವ ವಿಶ್ವಾಸ

ಬೂದಿ ಬುಧವಾರದಿಂದ ಪಾಸ್ಕ ಹಬ್ಬದ ಹಿಂದಿನ ದಿನದವರೆಗೆ 46 ದಿನ. ಆರು ಭಾನುವಾರ ಕಳೆದರೆ ತಪಸ್ಸುಕಾಲದ 40. ಯೇಸು ಮರುಭೂಮಿಯಲ್ಲಿ ಉಪವಾಸವಿದ್ದ ದಿನಗಳ ನೆನಪು ಅದು. ಅಲ್ಲಿನ ಶೋಧನೆಗಳಲ್ಲಿ ಕಲ್ಲನ್ನು ರೊಟ್ಟಿ ಮಾಡುವುದು ಎಲ್ಲರಿಗೂ ಗೊತ್ತು. ನನ್ನನ್ನು ಕಾಡುವುದು ಮತ್ತಾಯನ ಸುವಾರ್ತೆಯಲ್ಲಿ ಎರಡನೆಯದಾಗಿ ಬರುವ ಶೋಧನೆ. ದೇವಾಲಯದ ಗೋಪುರದಿಂದ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎನ್ನುತ್ತಾನೆ ಸೈತಾನ. ಆಧಾರಕ್ಕೆ 91ನೇ ಕೀರ್ತನೆಯನ್ನೇ ಒಪ್ಪಿಸುತ್ತಾನೆ. ಮೇಲ್ನೋಟಕ್ಕೆ ವಿಶ್ವಾಸದ ಪರಾಕಾಷ್ಠೆ. ಯೇಸು ಒಪ್ಪಲಿಲ್ಲ, ಅದು ದೇವರನ್ನು ಪರೀಕ್ಷಿಸಿದಂತೆ ಎಂದರು.

ಟೆಸ್ಟ್ ಮಾಡದ ಯಾವುದನ್ನೂ ನಂಬದಿರುವುದೇ ನನ್ನ ಉದ್ಯೋಗ. ಸಾಫ್ಟ್‌ವೇರ್‌ಗೆ ಅದು ಸರಿ. ಮನುಷ್ಯರಿಗೇ ಹೊಂದುವುದಿಲ್ಲ: ಹೆಂಡತಿ ಹಿಡಿಯುತ್ತಾಳೋ ನೋಡೋಣ ಎಂದು ಬೇಕೆಂದೇ ಬೀಳುವವನು ಅವಳನ್ನು ಆಗಲೇ ಅನುಮಾನಿಸಿದ್ದಾನೆ.

ಈ ಸಲ ಅಮ್ಮನ ಕೀಮೋ ತಪಸ್ಸುಕಾಲದಲ್ಲೇ ಬಂದಿದೆ. ಸ್ಕ್ಯಾನ್ ಚೆನ್ನಾಗಿ ಬಂದರೆ ನೀನಿದ್ದೀಯ ಎಂದು ನಂಬುತ್ತೇನೆ ಎಂಬ ಪ್ರಾರ್ಥನೆ ನಾಲಿಗೆ ತುದಿಯಲ್ಲೇ ಇದೆ. ಅದೂ ಗೋಪುರದ ಮಾತೇ. ಗುಣಮಾಡು ಎಂದು ಬೇಡುವುದು ಬೇರೆ. ಗೆತ್ಸೆಮನೆಯಲ್ಲಿ ಯೇಸುವೂ ಬೇಡಿದರು. ಬೇಡಿದ್ದು ಸಿಗಲಿಲ್ಲ, ಅಪ್ಪಾ ಎಂದು ಕರೆಯುವುದನ್ನು ಬಿಡಲಿಲ್ಲ. ಅಮ್ಮ ಡ್ರಿಪ್ ಹಾಕಿದ ಕೈಯಲ್ಲೇ ಜಪಮಾಲೆ ಎಣಿಸುತ್ತಾಳೆ. ಸ್ಕ್ಯಾನ್ ಯಾವತ್ತು ಎಂದು ಕೇಳುತ್ತಿರುವವನು ನಾನೊಬ್ಬನೇ.